ಹಾಡಿನ ದಾರಿ ಮತ್ತು ಗುಡಿಬಂಡೆಯ ಮಾವಿನ ಸಸಿಗಳು

(ಬೆಂಗಳೂರಿನ ಜಯನಗರದ ಮನೆಯೊಂದರ ತಾರಸಿಯ ಮೇಲೆ ಸೇರಿದ್ದ ಸಂಗೀತಾಭಿಮಾನಿ ತರುಣ ತರುಣಿಯರ ಮುಂದೆ ನಮ್ಮ ಬಳಗದ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ.)



ನಿಮ್ಮ ಪತ್ರ ನಮ್ಮ ಬಳಗಕ್ಕೆ ತಲುಪಿ ಮೂರು ತಿಂಗಳಾದವು. ಉತ್ತರವನ್ನು ಎರಡು ಸಲ ಬರೆದೆವು, ಎರಡು ಸಲವೂ ಹರಿದು ಹಾಕಿದೆವು. ಮೊದಲನೆಯದು ಮಠದ ಉಪದೇಶದಂತಿತ್ತು, ಎರಡನೆಯದು ಬ್ಯಾಂಕಿನ ನೋಟೀಸಿನಂತಿತ್ತು. ಕೊನೆಗೆ, "ಹೇಗೂ ನಿಮ್ಮ ತಂಗಿಯ ಮನೆ ಬನಶಂಕರಿಯಲ್ಲಿದೆ, ನೀವೇ ಹೋಗಿ ಎದುರಿಗೆ ಕೂತು ಮಾತಾಡಿ ಬನ್ನಿ" ಎಂದು ಬಳಗದವರು ನನ್ನನ್ನು ಶಿರಸಿಯಲ್ಲಿ ಬಸ್ಸು ಹತ್ತಿಸಿದರು. ನಾಲ್ಕುನೂರು ಕಿಲೋಮೀಟರ್ ಡೀಸೆಲ್ ಸುಟ್ಟುಕೊಂಡು ಬಂದವನು ನಾನು. ಹೊಗೆಯ ವಿಚಾರ ಮಾತನಾಡುವ ಮೊದಲು ಅದನ್ನು ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಇಲ್ಲಿ ಕೆಲವರು ಹೊಸಬರಿದ್ದಾರೆ. ಅವರಿಗಾಗಿ ಪತ್ರದ ಸಾರವನ್ನು ಹೇಳುತ್ತೇನೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಇಪ್ಪತ್ಮೂರು ಮಂದಿ ನೀವು. ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ತಂಡದ ಅಭಿಮಾನಿಗಳು. ಅವರ ಕಾರ್ಯಕ್ರಮ ನೋಡಲೆಂದು ನಿಮ್ಮಲ್ಲಿ ಕೆಲವರು 2024ರ ಜನವರಿಯಲ್ಲಿ ಸಿಂಗಪುರಕ್ಕೆ ಹೋದಿರಿ. ಕೆಲವರು 2025ರ ಜನವರಿಯಲ್ಲಿ ಅಬುಧಾಬಿಗೆ ಹೋದಿರಿ. ಉಳಿದವರು ಅದೇ ತಿಂಗಳು ಅಹಮದಾಬಾದಿಗೆ. ಹೊರದೇಶಕ್ಕೆ ಹಾರಿದವರು ಒಟ್ಟು ಹದಿನೇಳು ಮಂದಿ. ಬಂದ ಮೇಲೆ ನಿಮ್ಮ ಮನಸ್ಸಿಗೆ ಏನೋ ಮುಜುಗರವಾಗಿ, ತಲಾ ಸಾವಿರ ರೂಪಾಯಿ ಕೂಡಿಸಿ, ಆ ಹಣದಲ್ಲಿ ಮಲೆನಾಡಿನ ಬೆಟ್ಟದಲ್ಲಿ ಸಸಿ ನೆಟ್ಟು ನಮ್ಮ ವಿಮಾನದ ಹೊಗೆಯನ್ನು ತೊಳೆದುಕೊಡಿ ಎಂದು ನಮಗೆ ಬರೆದಿರಿ. ಹಣವನ್ನೂ ಕಳಿಸಿದಿರಿ.

ಆ ಹಣವನ್ನು ಹಿಂದಿರುಗಿಸಲು ಬಂದಿದ್ದೇನೆ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತನ್ನು ನೀವು ನಿರಾಳವಾಗಿ ಕೇಳಬಹುದು.

ನಿಮ್ಮನ್ನು ಬೈಯಲು ನಾನು ಬಂದಿಲ್ಲ. ನಮ್ಮ ಊರಿನಲ್ಲಿ ನಾವು ಹುಡುಗರಾಗಿದ್ದಾಗ ಯಕ್ಷಗಾನವಿದೆಯೆಂದು ಗೊತ್ತಾದರೆ ಸಾಕು, ಸೂಡಿ ಹಚ್ಚಿಕೊಂಡು ಕಾಡುದಾರಿಯಲ್ಲಿ ಎರಡು ಮೂರು ಗಂಟೆ ನಡೆದುಬಿಡುತ್ತಿದ್ದೆವು. ಇಡೀ ರಾತ್ರಿ ಆಟ ನೋಡಿ, ಬೆಳಗಿನ ಜಾವ ಅರೆನಿದ್ದೆಯಲ್ಲಿ ಹಳ್ಳ ದಾಟಿ ಮನೆಗೆ ಬಂದು, ಅಪ್ಪನ ಕೈಯಲ್ಲಿ ಪೆಟ್ಟು ತಿಂದು ಶಾಲೆಯಲ್ಲಿ ತೂಕಡಿಸಿದ್ದೇವೆ. ಮೆಚ್ಚಿದ ಭಾಗವತರ ಪದ ಇನ್ನೊಂದು ಊರಿನಲ್ಲಿದೆಯೆಂದರೆ ಅಲ್ಲಿಗೂ ಹೋಗುತ್ತಿದ್ದೆವು. ಅದೇ ಪ್ರಸಂಗ, ಅದೇ ಪದ. ಆದರೂ ಹೋಗುತ್ತಿದ್ದೆವು. "ನೋಡಿದ್ದನ್ನೇ ಎಷ್ಟು ಸಲ ನೋಡುತ್ತೀಯೆ?" ಎಂದು ಅಮ್ಮ ಕೇಳುತ್ತಿದ್ದಳು. ನನ್ನ ತಂಗಿ ತನ್ನ ಮಗಳನ್ನು ಈಗ ಅದೇ ಪ್ರಶ್ನೆ ಕೇಳುತ್ತಾಳೆ. ಆ ಹುಡುಗಿ ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ, ಸಿಂಗಪುರಕ್ಕೆ ಹೋದವರಲ್ಲಿ ಅವಳೂ ಒಬ್ಬಳು. "ಮಾವ, ಐವತ್ತು ಸಾವಿರ ಜನ ಒಟ್ಟಿಗೆ ಒಂದೇ ಸಾಲು ಹಾಡುವಾಗ ನನ್ನ ದನಿ ನನಗೇ ಕೇಳಲಿಲ್ಲ, ಅದಕ್ಕೇ ಹೋಗಿದ್ದು" ಎಂದಳು. ಈ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಧ್ವನಿಮುದ್ರಿಕೆಯಲ್ಲಿ ಸಿಕ್ಕದ ಯಾವುದೋ ಒಂದು ವಸ್ತು ಅಲ್ಲಿದೆ. ಅದು ನನಗೂ ಗೊತ್ತು.

ಆದುದರಿಂದ ಪ್ರಶ್ನೆ, ನೀವು ಯಾಕೆ ಹೋದಿರಿ ಎಂಬುದಲ್ಲ. ಹಾಡಿಗೂ ಕೇಳುಗನಿಗೂ ನಡುವಿನ ದಾರಿ ಇಷ್ಟು ಉದ್ದವಾದದ್ದು ಹೇಗೆ, ಆ ದಾರಿಯ ಲೆಕ್ಕವನ್ನು ಬರೆದುಕೊಳ್ಳುವವರು ಯಾರು ಎಂಬುದು.

ಒಂದು ಕಾಲದಲ್ಲಿ ಈ ದಾರಿ ಬೆಂಗಳೂರಿನ ಕಡೆಗೇ ಇತ್ತು. ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು. 2002ರ ಏಪ್ರಿಲ್‌ನಲ್ಲಿ ಪಿಂಕ್ ಫ್ಲಾಯ್ಡ್ ಖ್ಯಾತಿಯ ರೋಜರ್ ವಾಟರ್ಸ್ ಅರಮನೆ ಮೈದಾನದಲ್ಲಿ ಹಾಡಿದರು. ಮರುವರ್ಷ ಏಪ್ರಿಲ್‌ನಲ್ಲಿ ಅಲ್ಲಿಯೇ ರೋಲಿಂಗ್ ಸ್ಟೋನ್ಸ್. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬಂದಾಗ ದೇಶದ ಮೂಲೆಮೂಲೆಗಳಿಂದ ಹುಡುಗರು ರೈಲುಗಳಲ್ಲಿ ಬಂದಿಳಿದರು. 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾದ ಗುರ್‌ಗಾಂವ್ ಕಾರ್ಯಕ್ರಮ ರದ್ದಾಗಿ, ಎರಡು ದಿನದ ಬಳಿಕ, ಅಕ್ಟೋಬರ್ 30ರಂದು, ಬೆಂಗಳೂರಿನಲ್ಲಿ ಅವರು ಹಾಡಿದರು. ಜಯನಗರದವನಿಗೆ ಆಗ ಬೇಕಾದದ್ದು ಮೇಖ್ರಿ ವೃತ್ತದ ಕಡೆಗೆ ಹೋಗುವ ಒಂದು ಸಿಟಿ ಬಸ್ಸು. ರಾತ್ರಿ ಹಿಂದಿರುಗಲು ಒಂದು ಆಟೋ, ಆಟೋದವನೊಡನೆ ಸ್ವಲ್ಪ ಜಗಳ.

ಅನಂತರದ ವರ್ಷಗಳಲ್ಲಿ ದಾರಿ ತಿರುಗಿತು. ಈಗಿನ ದೊಡ್ಡ ತಂಡಗಳ ವೇದಿಕೆಯೆಂದರೆ ಒಂದು ಸಣ್ಣ ಕಾರ್ಖಾನೆಯಷ್ಟು ಸಾಮಾನು: ಕಬ್ಬಿಣದ ಚೌಕಟ್ಟು, ದೀಪ, ಪರದೆ, ಧ್ವನಿವರ್ಧಕ. ಅದನ್ನು ಕಟ್ಟಲು ಹಲವು ದಿನ, ಬಿಚ್ಚಲು ಮತ್ತಷ್ಟು ಸಮಯ. ಊರೂರಿಗೆ ಹೊತ್ತು ತಿರುಗುವುದಕ್ಕಿಂತ ಒಂದೇ ಊರಿನಲ್ಲಿ ಠಾಣ್ಯ ಹೂಡಿ ಐದಾರು ರಾತ್ರಿ ಹಾಡುವುದು ಅವರಿಗೆ ಅಗ್ಗ. ಕೋಲ್ಡ್‌ಪ್ಲೇ 2024ರ ಜನವರಿಯಲ್ಲಿ ಸಿಂಗಪುರದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಆರು ರಾತ್ರಿ ಹಾಡಿತು. ಅದೇ ಮೈದಾನದಲ್ಲಿ ಮಾರ್ಚ್ 2ರಿಂದ 9ರ ನಡುವೆ ಟೇಲರ್ ಸ್ವಿಫ್ಟ್ ಎಂಬ ಅಮೆರಿಕದ ಗಾಯಕಿ ಆರು ರಾತ್ರಿ ಹಾಡಿದಳು. ಆಗ್ನೇಯ ಏಷ್ಯಾಕ್ಕೆಲ್ಲ ಅವಳು ಆರಿಸಿಕೊಂಡದ್ದು ಅದೊಂದೇ ಊರು. ಸಿಂಗಪುರ ಸರ್ಕಾರ ಅದಕ್ಕೆ ಅನುದಾನ ಕೊಟ್ಟಿದ್ದನ್ನು ಒಪ್ಪಿಕೊಂಡಿತು, ಥಾಯ್ಲೆಂಡಿನ ಪ್ರಧಾನಿ ಬಹಿರಂಗವಾಗಿ ಆಕ್ಷೇಪಿಸಿದರು. ಮೂರು ಲಕ್ಷಕ್ಕೂ ಮಿಕ್ಕ ಜನ ನೋಡಿದರು. ಅವರಲ್ಲಿ ಸಿಂಗಪುರದವರಲ್ಲದವರೆಲ್ಲ ಬಂದದ್ದು ಹೇಗೆಂದು ಬೇರೆ ಹೇಳಬೇಕಿಲ್ಲ. ಆ ಜನ ಹೋಟೆಲಿನಲ್ಲಿ ಇಳಿಯುತ್ತಾರೆ, ಅಂಗಡಿಗೆ ಹೋಗುತ್ತಾರೆ. ಅನುದಾನಕ್ಕೆ ಕಾರಣವೇ ಅದು. ಅಂದರೆ ನಿಮ್ಮ ಪಯಣ ಅವರ ಯೋಜನೆಯ ಹೊರಗಿನ ಆಕಸ್ಮಿಕವಲ್ಲ. ಅವರು ಕೊಂಡುಕೊಂಡದ್ದೇ ಅದನ್ನು.

ಈಗ ಲೆಕ್ಕಕ್ಕೆ ಬರೋಣ. ನಿಮ್ಮಲ್ಲಿಯೇ ಒಬ್ಬರು ಪತ್ರದ ಜೊತೆ ಒಂದು ಹಾಳೆ ಲಗತ್ತಿಸಿದ್ದರು. ಅದನ್ನು ನಮ್ಮ ಬಳಗದ ಗಣಿತದ ಮೇಷ್ಟರು ಇನ್ನೊಮ್ಮೆ ಮಾಡಿ ನೋಡಿದರು. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 3,200 ಕಿಲೋಮೀಟರ್. ಹೋಗಿ ಬರಲು 6,400. ಅಬುಧಾಬಿಗೆ ಹೋಗಿ ಬರಲು ಸುಮಾರು 5,400. ಸಾಮಾನ್ಯ ದರ್ಜೆಯ ಪ್ರಯಾಣಿಕನೊಬ್ಬನ ಪಾಲಿಗೆ ಕಿಲೋಮೀಟರಿಗೆ ನೂರು ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಸ್ಥೂಲವಾಗಿ ಹಿಡಿದರೆ ತಲೆಗೆ ಸುಮಾರು ಆರುನೂರು ಕಿಲೋ. ಎತ್ತರದಲ್ಲಿ ಹಾರುವಾಗ ವಿಮಾನದ ಹಿಂದೆ ಕಟ್ಟುವ ಮೋಡದ ಗೆರೆಗಳೂ ಭೂಮಿಯನ್ನು ಬಿಸಿಮಾಡುತ್ತವೆ. ಅದನ್ನು ಇದರಲ್ಲಿ ಸೇರಿಸಿಲ್ಲ. ಭಾರತೀಯನೊಬ್ಬನ ಪಾಲಿಗೆ ಇಡೀ ವರ್ಷಕ್ಕೆ ಬರುವ ಸರಾಸರಿ ಎರಡು ಟನ್ನಿನ ಆಸುಪಾಸು. ಎರಡು ಗಂಟೆಯ ಹಾಡಿಗೆ ಅದರ ಮೂರನೆಯ ಒಂದಂಶ. ಹದಿನೇಳು ಮಂದಿಗೆ ಹತ್ತು ಟನ್. ಅಹಮದಾಬಾದಿಗೆ ವಿಮಾನದಲ್ಲಿ ಹೋದವರದು ಇದರ ಅರ್ಧಕ್ಕಿಂತ ಕಡಿಮೆ. ನಿಮ್ಮಲ್ಲಿ ಇಬ್ಬರು ಅಲ್ಲಿಗೆ ರೈಲಿನಲ್ಲಿ, ಸುಮಾರು ಒಂದೂವರೆ ದಿನ ಕೂತು ಹೋದರೆಂದು ಕೇಳಿದೆ. ಅವರ ಬೆನ್ನು ಹೇಗಿದೆಯೋ ತಿಳಿಯದು, ಲೆಕ್ಕದಲ್ಲಿ ಮಾತ್ರ ಅವರ ಹೊಗೆ ತೀರ ಸಣ್ಣದು.

ಆದರೆ ಕೋಲ್ಡ್‌ಪ್ಲೇಯವರು ಪರಿಸರ ಪ್ರೇಮಿಗಳಲ್ಲವೆ ಎಂದು ನೀವು ಪತ್ರದಲ್ಲಿ ಕೇಳಿದ್ದೀರಿ. ಹೌದು, ಅವರ ಪ್ರಯತ್ನವನ್ನು ಹಗುರಾಗಿ ಕಾಣಬಾರದು. ಭೂಮಿಗೆ ಹಾನಿಯಾಗದಂತೆ ಸಂಚಾರ ಮಾಡುವ ದಾರಿ ಸಿಗುವವರೆಗೆ ಹೊರಡುವುದಿಲ್ಲವೆಂದು ಅವರು 2019ರಲ್ಲಿ ಸಾರಿದರು. ಆ ವರ್ಷ ಹೊಸ ಹಾಡುಗಳನ್ನು ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಸೂರ್ಯೋದಯಕ್ಕೊಮ್ಮೆ, ಸೂರ್ಯಾಸ್ತಕ್ಕೊಮ್ಮೆ ಹಾಡಿ ಅಂತರ್ಜಾಲದ ಮೂಲಕ ಜಗತ್ತಿಗೆ ತಲುಪಿಸಿದರು. 2022ರಲ್ಲಿ ಮತ್ತೆ ಹೊರಟಾಗ ಜನ ಕುಣಿದರೆ ವಿದ್ಯುತ್ತಾಗುವ ನೆಲ, ತುಳಿದರೆ ವಿದ್ಯುತ್ತಾಗುವ ಸೈಕಲ್ಲು, ಮರುಬಳಕೆಯ ಕೈಪಟ್ಟಿ ಇವನ್ನೆಲ್ಲ ತಂದರು. ಹಿಂದಿನ 2016-17ರ ಸಂಚಾರಕ್ಕೆ ಹೋಲಿಸಿದರೆ, ಕಾರ್ಯಕ್ರಮಕ್ಕೆ ಕಾರ್ಯಕ್ರಮವನ್ನಿಟ್ಟು ನೋಡಿದಾಗ, ನೇರ ಹೊರಸೂಸುವಿಕೆ ಶೇಕಡ 59ರಷ್ಟು ಇಳಿದಿದೆಯೆಂದು 2024ರ ಜೂನ್‌ನಲ್ಲಿ ಪ್ರಕಟಿಸಿದರು. ಅಮೆರಿಕದ ಎಂ.ಐ.ಟಿ.ಯ ತಜ್ಞರು ಅದನ್ನು ಪರಿಶೀಲಿಸಿದ್ದಾರೆ.

'ನೇರ' ಎಂಬ ಆ ಒಂದು ಶಬ್ದದ ಮೇಲೆ ಸ್ವಲ್ಪ ನಿಲ್ಲಿ. ವೇದಿಕೆಯ ವಿದ್ಯುತ್ತು, ಸಾಮಾನಿನ ಸಾಗಣೆ, ತಂಡದವರ ಪ್ರಯಾಣ ಇವು ಅದರೊಳಗೆ ಬರುತ್ತವೆ. ನೀವು ಬರುವುದಿಲ್ಲ. ನಿಮ್ಮ ಹತ್ತು ಟನ್ ಆ ಪುಸ್ತಕದಲ್ಲಿಲ್ಲ. ಬ್ರಿಟನ್ನಿನ ಇನ್ನೊಂದು ತಂಡ ರೇಡಿಯೊಹೆಡ್, ಸುಮಾರು 2007ರಲ್ಲಿಯೇ ತನ್ನ ಸಂಚಾರಗಳ ಲೆಕ್ಕ ಮಾಡಿಸಿ ನೋಡಿದಾಗ, ಹೊಗೆಯ ಬಹುಪಾಲು ವೇದಿಕೆಯದಾಗಿರದೆ ಪ್ರೇಕ್ಷಕರ ಓಡಾಟದ್ದಾಗಿತ್ತು. ಅದೂ ಹೆಚ್ಚಿನವರು ಕಾರಿನಲ್ಲಿ ಬರುವ ಊರುಗಳಲ್ಲಿ. ಪ್ರೇಕ್ಷಕರೇ ವಿಮಾನದಲ್ಲಿ ಬರತೊಡಗಿದರೆ ಏನಾದೀತು, ಯೋಚಿಸಿ. ಒಂದೇ ಊರಿನಲ್ಲಿ ಆರು ರಾತ್ರಿ ಹಾಡಿದರೆ ತಂಡದ ಸಾಮಾನು ಒಂದೇ ಸಲ ಸಾಗುತ್ತದೆ, ತಂಡದ ಲೆಕ್ಕ ಚೊಕ್ಕವಾಗುತ್ತದೆ. ಉಳಿದ ಐದು ಊರುಗಳ ಜನ ಎದ್ದು ಆ ಊರಿಗೆ ಹಾರುತ್ತಾರೆ. ಕಡಿಮೆಯಾದದ್ದು ಒಂದು ಪುಸ್ತಕದಲ್ಲಿ ಕಾಣುತ್ತದೆ, ಹೆಚ್ಚಾದದ್ದು ಯಾವ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಇದರಲ್ಲಿ ಯಾರದ್ದೋ ವಂಚನೆ ಇದೆಯೆಂದು ನಾನು ಹೇಳುತ್ತಿಲ್ಲ. ಅಭಿಮಾನಿಗಳು ಕಡಿಮೆ ಹೊಗೆಯ ದಾರಿಯಲ್ಲಿ ಬರಲೆಂದು ಆ ತಂಡವೂ ಕೇಳಿಕೊಳ್ಳುತ್ತಲೇ ಇದೆ. ಆದರೆ ಸಮುದ್ರದಾಚೆಯ ಊರಿಗೆ ನೀವು ಇನ್ಯಾವ ದಾರಿಯಲ್ಲಿ ಹೋಗುತ್ತೀರಿ?

ಇನ್ನು ಸಸಿಗಳ ಮಾತು. ಟಿಕೆಟ್ಟಿಗೊಂದು ಮರ ಎಂದು ಆ ತಂಡ ಹೇಳುತ್ತದೆ, ಆ ಆದರ್ಶದಿಂದಲೇ ನೀವೂ ನಮಗೆ ಬರೆದಿರಿ. ಆದರೆ ಈ ತಂಡದ ಮೊದಲ ಮರಗಳ ಕಥೆ ನಡೆದದ್ದು ನಮ್ಮದೇ ರಾಜ್ಯದಲ್ಲಿ, ನೀವು ಕೂತಿರುವ ಈ ತಾರಸಿಯಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ನೋಡೋಣ. ಇಬ್ಬರು. ಸರಿ, ಹೇಳುತ್ತೇನೆ.

2002ರಲ್ಲಿ ಕೋಲ್ಡ್‌ಪ್ಲೇ 'ಎ ರಶ್ ಆಫ್ ಬ್ಲಡ್ ಟು ದ ಹೆಡ್' ಎಂಬ ತನ್ನ ಎರಡನೆಯ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದರ ತಯಾರಿಕೆ, ಹಂಚಿಕೆಗಳಿಂದಾಗುವ ಹೊಗೆಯನ್ನು ಸರಿದೂಗಿಸಲು ಹತ್ತು ಸಾವಿರ ಮಾವಿನ ಗಿಡಗಳನ್ನು ಕರ್ನಾಟಕದಲ್ಲಿ ನೆಡಲಾಗುವುದೆಂದು ಘೋಷಣೆಯಾಯಿತು. ಫ್ಯೂಚರ್ ಫಾರೆಸ್ಟ್ಸ್ ಎಂಬ ಬ್ರಿಟಿಷ್ ಕಂಪನಿ ಈ ವ್ಯವಹಾರವನ್ನು ಏರ್ಪಡಿಸಿತು. ಅಭಿಮಾನಿಗಳೂ ಹಣ ಕೊಟ್ಟು ಆ ತೋಪಿನಲ್ಲಿ ತಮ್ಮ ಹೆಸರಿಗೊಂದು ಗಿಡ ಪಡೆಯಬಹುದಿತ್ತು. ಗಿಡಗಳು ಬಂದದ್ದು ಗುಡಿಬಂಡೆಗೆ. ಆಗ ಅದು ಕೋಲಾರ ಜಿಲ್ಲೆ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು.

ಗುಡಿಬಂಡೆಯ ನೆಲವನ್ನು ಕಂಡವರಿದ್ದೀರಾ? ಬೈರೇಗೌಡನ ಕೋಟೆಯಿರುವ ಬಂಡೆಗುಡ್ಡ, ಕೆಳಗೆ ಅಮಾನಿ ಬೈರಸಾಗರದ ಕೆರೆ, ಸುತ್ತ ಮಳೆಯನ್ನೇ ನಂಬಿದ ರಾಗಿ, ನೆಲಗಡಲೆಯ ಹೊಲಗಳು. ನದಿಯಿಂದ ಹರಿದು ಬರುವ ಕಾಲುವೆಯ ನೀರನ್ನು ಕಾಣದ ಸೀಮೆ. 2001ರಿಂದ 2004ರವರೆಗೆ ರಾಜ್ಯದಲ್ಲಿ ಸಾಲುಸಾಲಾಗಿ ಬರ. ಮಾವು ಬಯಲುಸೀಮೆಯ ಗಿಡವೇ ಹೌದು, ಬೇರು ಆಳಕ್ಕಿಳಿದ ಮೇಲೆ ಯಾರ ಹಂಗೂ ಅದಕ್ಕಿಲ್ಲ. ಆದರೆ ಮೊದಲ ಎರಡು ಮೂರು ಬೇಸಿಗೆಗಳಲ್ಲಿ ಕೊಡದಲ್ಲಿ ನೀರು ಹೊತ್ತು ಬುಡಕ್ಕೆ ಹೊಯ್ಯದೆ ಹೋದರೆ ಬದುಕುವುದಿಲ್ಲ. ಕುಡಿಯುವ ನೀರಿಗೇ ಟ್ಯಾಂಕರಿನ ಹಾದಿ ಕಾಯುವ ಮನೆಯವರು ಆ ಕೊಡವನ್ನು ಎಲ್ಲಿಂದ ತರಬೇಕು?

2006ರ ಏಪ್ರಿಲ್‌ನಲ್ಲಿ ಲಂಡನ್ನಿನ 'ಸಂಡೆ ಟೆಲಿಗ್ರಾಫ್' ಪತ್ರಿಕೆಯವರು ಇಲ್ಲಿಗೆ ಬಂದು ನೋಡಿ, ಬಹಳಷ್ಟು ಸಸಿಗಳು ಸತ್ತಿವೆಯೆಂದು ವರದಿ ಮಾಡಿದರು. ನೀರಿಗೆ, ಕೂಲಿಗೆ, ಔಷಧಿಗೆ ನೆರವು ಸಿಗಲಿಲ್ಲವೆಂಬ ರೈತರ ಅಳಲು ಅದರಲ್ಲಿತ್ತು. ತಾವು ಒಳ್ಳೆಯ ನಂಬಿಕೆಯಿಂದ ಈ ಕೆಲಸಕ್ಕೆ ಒಪ್ಪಿದ್ದಾಗಿ ತಂಡದ ಕಡೆಯವರು ಹೇಳಿದರು. ಹೊಣೆ ಯಾರದೆಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿದರು. ಯಾರದು ಎಷ್ಟು ತಪ್ಪು ಎಂದು ತೀರ್ಪು ಕೊಡಲು ನಾನು ಸಿದ್ಧನಿಲ್ಲ. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು ಸಂಗತಿ. ಲಂಡನ್ನಿನಲ್ಲಿ ಆ ಹಾಡುಗಳನ್ನು ಕೊಂಡವನ ಮನಸ್ಸು 2002ರಲ್ಲಿಯೇ ಹಗುರವಾಗಿಬಿಟ್ಟಿತು. ಗಿಡಕ್ಕೆ ನೀರು ಹೊರುವ ಕೆಲಸ ಗುಡಿಬಂಡೆಯ ಹೆಂಗಸಿನ ತಲೆಯ ಮೇಲೆ ಉಳಿಯಿತು. ಗಿಡ ಸತ್ತಾಗ ಅದನ್ನು ಕಿತ್ತು ಒಲೆಗೆ ಹಾಕುವ ಕೆಲಸವೂ ಅವಳದೇ. ಅವಳು ಆ ಹಾಡುಗಳನ್ನು ಕೇಳಿರಲಿಕ್ಕಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಮ್ಮ ಹಿರಿಯರು ಇದಕ್ಕಾಗಿಯೇ ಕಟ್ಟಿದಂತಿದೆ.

ಗುಡಿಬಂಡೆಯಲ್ಲಿ ಮಳೆಯಿಲ್ಲ, ಮಲೆನಾಡಿನಲ್ಲಿ ಮಳೆ ಧಾರಾಳವಿದೆಯಲ್ಲ, ಅಲ್ಲಿ ನೆಟ್ಟರೇನು ತೊಂದರೆ ಎಂದು ನಿಮ್ಮ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ನಮ್ಮ ಬಳಗದ ಎರಡು ಸಭೆಗಳಲ್ಲಿ ಚರ್ಚೆ ಕಾವೇರಿದ್ದೂ ಇದೇ ವಿಷಯಕ್ಕೆ. ಹಣ ಬೇಡವೆನ್ನುವುದು ನಮಗೇನೂ ಸುಲಭವಾಗಿರಲಿಲ್ಲ. ಸಸ್ಯಕ್ಷೇತ್ರದ ಬೇಲಿ ಮುರಿದು ಎರಡು ವರ್ಷವಾಗಿದೆ, ಇಪ್ಪತ್ಮೂರು ಸಾವಿರಕ್ಕೆ ಅದು ಚೆನ್ನಾಗಿಯೇ ಆಗುತ್ತಿತ್ತು. ಕಿರಿಯರಲ್ಲಿ ಇಬ್ಬರು, "ಅವರು ಹೇಗೂ ಹಾರುತ್ತಾರೆ, ಹಣ ಬಂದದ್ದು ಬರಲಿ" ಎಂದರು. ಆ ವಾದವನ್ನು ತಳ್ಳಿಹಾಕಲು ನನಗೆ ಎರಡು ರಾತ್ರಿ ಬೇಕಾಯಿತು.

ನಮ್ಮ ಕಡೆಯ ಬೆಟ್ಟಗಳಿಗೆ ಸಸಿಯ ಕೊರತೆ ಯಾವತ್ತೂ ಇರಲಿಲ್ಲ. ಕಾನು ಎಂದು ನಾವು ಕರೆಯುವ ದಟ್ಟ ಕಾಡಿನಲ್ಲಿ ಒಂದು ಮಳೆಗಾಲ ಸುಮ್ಮನೆ ಬಿಟ್ಟರೆ ತಾನಾಗಿ ಏಳುವ ಗಿಡಗಳನ್ನು ಎಣಿಸಲಾಗುವುದಿಲ್ಲ. ಕೊರತೆಯಿರುವುದು ಬಿಡುವ ಮನಸ್ಸಿನದು. ಕಾಡು ಕಡಿದು ಯೋಜನೆ ತರುವಾಗಲೆಲ್ಲ, ಚಿಂತೆ ಬೇಡ, ಇದಕ್ಕೆ ಬದಲಾಗಿ ಬೇರೆಡೆ ನೆಡುತ್ತೇವೆ ಎಂಬ ಮಾತನ್ನು ನಾವು ನಲವತ್ತು ವರ್ಷಗಳಿಂದ ಕೇಳಿದ್ದೇವೆ. ಆ ಬೇರೆಡೆಗಳು ನಮ್ಮ ಹುಲ್ಲುಬೆಟ್ಟಗಳೇ. ಅಲ್ಲಿ ಎದ್ದದ್ದು ಸಾಲಾಗಿ ನಿಂತ ಅಕೇಶಿಯಾ. ದನಕ್ಕೆ ಮೇವಿಲ್ಲ, ಹಕ್ಕಿಗೆ ಹಣ್ಣಿಲ್ಲ, ಕಾಗದದಲ್ಲಿ ಮಾತ್ರ ಅದು ಕಾಡು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದರು. ಉಳಿಸು, ಬೆಳೆಸು, ಬಳಸು ಎಂಬುದು ಅದರ ಘೋಷಣೆ. ಆ ಮೂರು ಶಬ್ದಗಳ ಅನುಕ್ರಮ ಸುಮ್ಮನೆ ಬಂದದ್ದಲ್ಲ. ಉಳಿಸುವುದು ಮೊದಲು. ಉಳಿಸುವುದನ್ನು ಬಿಟ್ಟು ಬೆಳೆಸುವುದರಿಂದಲೇ ಶುರುಮಾಡುವ ಯಾವ ಯೋಜನೆಯನ್ನೂ ನಮ್ಮ ಕಡೆಯ ಜನ ಈಗಲೂ ಸಂಶಯದಿಂದ ನೋಡುತ್ತಾರೆ. ನಿಮ್ಮ ಹತ್ತು ಟನ್ನಿಗೆ ನಾವು ರಸೀದಿ ಬರೆದುಕೊಟ್ಟರೆ, ನಾಳೆ ಹತ್ತು ಲಕ್ಷ ಟನ್ನಿನವನು ಬಂದು ಅದೇ ರಸೀದಿ ಕೇಳಿದಾಗ ಯಾವ ಬಾಯಲ್ಲಿ ಇಲ್ಲವೆನ್ನುವುದು?

ಲೆಕ್ಕವೂ ಕೂಡಿ ಬರುವುದಿಲ್ಲ. ಚೆನ್ನಾಗಿ ಬೆಳೆದ ಮರವೊಂದು ವರ್ಷಕ್ಕೆ ಹೀರುವ ಇಂಗಾಲದ ಡೈಆಕ್ಸೈಡ್ ಸ್ಥೂಲವಾಗಿ ಇಪ್ಪತ್ತು ಕಿಲೋ ಎನ್ನುತ್ತಾರೆ. ಸಸಿ ಆ ಗಾತ್ರಕ್ಕೆ ಬರಲು ಹಲವು ವರ್ಷ. ಆರುನೂರು ಕಿಲೋ ಹೊಗೆ ಒಂದು ರಾತ್ರಿಯಲ್ಲಿ ಆಕಾಶ ಸೇರಿತು, ಅದನ್ನು ಒಂದು ಮರ ಇಳಿಸಲು ಮೂವತ್ತು ವರ್ಷ. ಆ ಮೂವತ್ತು ವರ್ಷವೂ ಅದಕ್ಕೆ ಬೆಂಕಿ ತಗುಲಬಾರದು, ಕೊಡಲಿ ತಾಗಬಾರದು, ರಸ್ತೆ ಅಗಲವಾಗಬಾರದು. ಮರದ ಆಯುಷ್ಯಕ್ಕೆ ನಾವು ಜಾಮೀನು ಕೊಡಲಾರೆವು. ಜಯನಗರದವರಿಗೆ ಇದನ್ನು ವಿವರಿಸಬೇಕೆ? 2009ರಲ್ಲಿ ಮೆಟ್ರೋ ದಾರಿಗಾಗಿ ನಂದಾ ರಸ್ತೆಯ ಮರಗಳು ಉರುಳಿದಾಗ ನಿಮ್ಮಲ್ಲಿ ಕೆಲವರ ತಂದೆತಾಯಿಯರು ಅಲ್ಲಿ ಫಲಕ ಹಿಡಿದು ನಿಂತಿದ್ದರು.

ಅದೇ ಮೆಟ್ರೋದ ವಿಷಯದಲ್ಲಿ ಒಂದು ಮಾತು. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಎಂಬ ಗಾಯಕ ತುಮಕೂರು ರಸ್ತೆಯ ನೈಸ್ ಮೈದಾನದಲ್ಲಿ ಎರಡು ದಿನ ಹಾಡಿದ. ಹಸಿರು ಮಾರ್ಗದ ರೈಲು 2024ರ ನವೆಂಬರ್‌ನಿಂದ ಆ ಕಡೆಯ ಮಾದಾವರದವರೆಗೂ ಹೋಗುತ್ತದೆ. ನನ್ನ ಸೊಸೆ ಬನಶಂಕರಿಯಲ್ಲಿ ಹತ್ತಿ, ರೈಲು ಬದಲಿಸದೆ ಮಾದಾವರದಲ್ಲಿ ಇಳಿದು, ಹಾಡು ಕೇಳಿ ಬಂದಳು. ಸಿಂಗಪುರಕ್ಕೆ ಹೋದಾಗಿನ ಸಂಭ್ರಮ ಅದರಲ್ಲಿ ಇರಲಿಲ್ಲ ಎಂದು ಅವಳೇ ಒಪ್ಪಿಕೊಂಡಳು: "ದೂರ ಹೋದದ್ದೂ ಅದರ ಒಂದು ಭಾಗ ಮಾವ, ಪಾಸ್‌ಪೋರ್ಟಿನ ಮೊದಲ ಮುದ್ರೆ ಅದು." ಪ್ರಾಮಾಣಿಕ ಮಾತು. ನಂದಾ ರಸ್ತೆಯ ಮರಗಳನ್ನು ತೆತ್ತು ಪಡೆದ ಆ ರೈಲು ಹೀಗಾದರೂ ನಿಮ್ಮನ್ನು ಹಾಡಿನ ಹತ್ತಿರಕ್ಕೆ ಕರೆದೊಯ್ದಿತೆಂಬುದರಲ್ಲಿ ನನಗೆ ಸ್ವಲ್ಪ ಸಮಾಧಾನ, ಸ್ವಲ್ಪ ಸಂಕಟ.

ಹಾಗಾದರೆ ಏನು ಮಾಡಬೇಕು ಎಂದರೆ ನನ್ನ ಬಳಿ ಪಟ್ಟಿಯಿಲ್ಲ. ಯಾರು ಯಾರ ಬಳಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ತಿರುವಿ ಹಾಕಬಹುದು ಎಂದಷ್ಟೇ ತೋರುತ್ತದೆ. ನಮ್ಮ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ 1985ರಲ್ಲಿ ತಿರುಗಾಟವನ್ನು ಆರಂಭಿಸಿತು. ಹತ್ತಿಪ್ಪತ್ತು ಜನರ ತಂಡ, ಒಂದು ಬಸ್ಸು, ಸಾಮಾನು. ಊರೂರಿಗೆ ಹೋಗಿ ನಾಟಕವಾಡಿ ಬರುತ್ತಾರೆ. ಅವರು ಬರುವ ಊರಿನ ಪ್ರೇಕ್ಷಕ ಊಟ ಮುಗಿಸಿ ನಡೆದು ಬರುತ್ತಾನೆ. ನಮ್ಮ ಯಕ್ಷಗಾನದ ಮೇಳಗಳ ಕ್ರಮವೂ ಅದೇ. ನೂರು ಜನ ಓಡಾಡಿ ಲಕ್ಷ ಜನರನ್ನು ಊರಿನಲ್ಲಿಯೇ ಇರಗೊಡುವ ಈ ಪದ್ಧತಿಯನ್ನು ಇಂಧನದ ಲೆಕ್ಕಕ್ಕಾಗಿ ಯಾರೂ ಮಾಡಲಿಲ್ಲ, ಬಡತನಕ್ಕಾಗಿ ಮಾಡಿದರು. ಆದರೂ ಲೆಕ್ಕ ಸರಿಯಾಗಿದೆ. (ಹೆಗ್ಗೋಡಿನ ಸಂಸ್ಕೃತಿ ಶಿಬಿರಕ್ಕೆ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುವವರನ್ನು ನಾನು ಮರೆತಿಲ್ಲ. ನೀವು ಕೇಳುವ ಮೊದಲು ಹೇಳಿಬಿಟ್ಟೆ.)

ಹೊರಗಿನವರಲ್ಲಿಯೂ ಕೆಲವರು ಈ ದಾರಿಯನ್ನು ಹುಡುಕುತ್ತಿದ್ದಾರೆ. ಮ್ಯಾಸಿವ್ ಅಟ್ಯಾಕ್ ಎಂಬ ತಂಡ 2024ರ ಆಗಸ್ಟ್ 25ರಂದು ತನ್ನ ಹುಟ್ಟೂರಾದ ಬ್ರಿಸ್ಟಲ್‌ನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರೆದುರು ಹಾಡಿತು. ವೇದಿಕೆಗೆ ಡೀಸೆಲ್ ಜನರೇಟರಿನ ಬದಲು ಬ್ಯಾಟರಿ. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು ಟಿಕೆಟ್ಟು ಮಾರಿದ ಬಗೆ: ಸುತ್ತಮುತ್ತಲಿನ ಊರಿನವರಿಗೆ ಮೊದಲ ಅವಕಾಶ, ರೈಲಿನಲ್ಲಿ ಬರುವವರಿಗೆ ಏರ್ಪಾಡು. ಅಂದರೆ ಪ್ರೇಕ್ಷಕನ ದಾರಿಯನ್ನು ಅವರು ತಮ್ಮ ಪುಸ್ತಕದೊಳಕ್ಕೆ ತಂದುಕೊಂಡರು. ಅಭಿಮಾನಿಗಳು ಕೇಳಿದರೆ ಉಳಿದ ತಂಡಗಳೂ ಅದನ್ನು ಮಾಡಬೇಕಾದೀತು. ನಿಮ್ಮಷ್ಟು ಗಟ್ಟಿಯಾಗಿ ಅವರಿಗೆ ಕೇಳಿಸುವಂತೆ ಕೂಗಬಲ್ಲವರು ಬೇರೆ ಯಾರೂ ಇಲ್ಲ. ನಾವು ಬೆಟ್ಟದವರು ಬರೆದ ಪತ್ರವನ್ನು ಅವರು ಓದಲಾರರು. ನೀವು ಬರೆದರೆ ಓದಬಹುದು. ಗುಡಿಬಂಡೆಯ ಹೆಸರನ್ನೂ ಅದರಲ್ಲಿ ಸೇರಿಸಿ ಎಂಬುದು ನನ್ನ ಬಿನ್ನಹ.

ಅಹಮದಾಬಾದಿನ ಕೊನೆಯ ದಿನ, 2025ರ ಜನವರಿ 26ರ ಕಾರ್ಯಕ್ರಮ, ಅಂತರ್ಜಾಲದಲ್ಲಿ ನೇರ ಪ್ರಸಾರವಾಯಿತಲ್ಲ, ಟಿಕೆಟ್ಟು ಸಿಗದ ಹುಡುಗರು ಅದನ್ನು ಇದೇ ತಾರಸಿಯ ಮೇಲೆ ಬಿಳಿ ಪಂಚೆ ಕಟ್ಟಿ ನೋಡಿದರೆಂದು ಕೇಳಿದೆ. ಹಿಂದಿನ ಸಾಲಿನಲ್ಲಿ ನಗುವವರು ಅವರೇ ಇರಬೇಕು. ಅದು ಮೈದಾನಕ್ಕೆ ಸಾಟಿಯಲ್ಲ, ಬಿಡಿ. ಆದರೆ ಪಕ್ಕದ ಮನೆಯ ಅಜ್ಜಿಯೂ ಬಂದು ಕೂತರಂತೆ. ಸಿಂಗಪುರದಲ್ಲಿ ಆ ಅಜ್ಜಿ ಇರಲಿಲ್ಲ.

ಇನ್ನೆಂದೂ ಹಾರಬೇಡಿ ಎಂದು ನಾನು ಪ್ರಮಾಣ ಮಾಡಿಸಿಕೊಳ್ಳುವವನಲ್ಲ. ಜೀವಮಾನಕ್ಕೊಮ್ಮೆ ಹೋಗಿ ಬಂದವಳನ್ನು, ವಾರಕ್ಕೆರಡು ಸಲ ಕಚೇರಿಯ ಖರ್ಚಿನಲ್ಲಿ ದಿಲ್ಲಿಗೆ ಹಾರುವವರು ಟೀಕಿಸಿದರೆ ನಾನು ಅವಳ ಪಕ್ಷವೇ. ಹೋಗಲೇಬೇಕೆನಿಸಿದಾಗ ಹೋಗಿ. ಆದರೆ ಅದರ ಭಾರವನ್ನು ಭಾರವೆಂದೇ ಹೊತ್ತುಕೊಳ್ಳಿ. ಇನ್ನೊಬ್ಬರ ಬೆಟ್ಟದ ಮೇಲೆ ಇಳಿಸಿ ಬರಬೇಡಿ.

ಹಣದ ಲಕೋಟೆಯನ್ನು ಇಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ಬಳಗದವರು ಅದರ ಜೊತೆಗೆ ಒಂದು ಚೀಟಿ ಕಳಿಸಿದ್ದಾರೆ, ಓದುತ್ತೇನೆ: "ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಸೊಪ್ಪಿನ ಬೆಟ್ಟದಲ್ಲಿ ತರಗೆಲೆ ಗುಡಿಸಿ ಬೆಂ​ಕಿ ರೇಖೆ ಮಾಡಲು, ರಾತ್ರಿ ಕಾವಲಿಗೆ ಜನ ಬೇಕು. ಊಟ, ವಸತಿ ನಮ್ಮದು. ಇದು ಯಾವ ಹೊಗೆಗೂ ಬದಲಲ್ಲ, ರಸೀದಿ ಕೊಡಲಾಗುವುದಿಲ್ಲ. ಹಾಡು ಬರುವವರಿಗೆ ಆದ್ಯತೆ." ಕೊನೆಯ ಸಾಲು ಗಣಿತದ ಮೇಷ್ಟರ ಕೈಬರಹದಲ್ಲಿದೆ.

ನನ್ನ ಬಸ್ಸು ಹತ್ತೂವರೆಗೆ. ಇನ್ನೂ ಒಂದು ಗಂಟೆಯಿದೆ. ಅಹಮದಾಬಾದಿಗೆ ರೈಲಿನಲ್ಲಿ ಹೋದ ಆ ಇಬ್ಬರು ಯಾರು? ಅವರು ಮೊದಲು ಮಾತನಾಡಲಿ.